ಎಲುಬಿನ ಗೊಂಬೆಗೆ ಹೆದರಬೇಕೇ?



ಅಕ್ಟೋಬರ್ ಬಂತೆಂದರೆ ಇಲ್ಲಿ ಇಂಗ್ಲೆಂಡಿನ ಅಂಗಡಿಗಳ ತುಂಬ ಅಸ್ಥಿಪಂಜರಗಳು ನೇತಾಡುತ್ತವೆ. ನಾವು ಮನೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸುವ ಹೊತ್ತಿಗೆ ಮಕ್ಕಳು ಶಾಲೆಯಿಂದ ತಲೆಬುರುಡೆಯ ಚಿತ್ರ ಬರೆದು ತರುತ್ತಾರೆ. ಊರಿಂದ ಬಂದ ಅಜ್ಜಿ ಅದನ್ನು ಕಂಡು "ಬಿಡ್ತು ಅನ್ನು, ಅಮಂಗಳ" ಎನ್ನುತ್ತಾರೆ. ಇಬ್ಬರ ನಡುವೆ ಸಿಕ್ಕಿಕೊಂಡ ಅಮ್ಮಂದಿರು ನಮ್ಮ ಕನ್ನಡ ತರಗತಿಯಲ್ಲಿ ನನ್ನನ್ನು ಕೇಳುವುದುಂಟು: "ಇಂಥ ಪುಸ್ತಕಗಳನ್ನ ಮಕ್ಕಳಿಗೆ ಓದಿ ಹೇಳಬಹುದಾ?" ಧಾರಾಳವಾಗಿ ಓದಿ ಹೇಳಬಹುದು. ಏಕೆಂಬುದನ್ನು ಇವತ್ತು ನೋಡೋಣ.

ಮೊದಲು ಪದದಿಂದಲೇ ಶುರು ಮಾಡೋಣ. ಅಸ್ಥಿ ಎಂದರೆ ಮೂಳೆ, ಪಂಜರ ಎಂದರೆ ಗೂಡು. ಮೈಸೂರು ಕಡೆಯವರು ಮೂಳೆ ಎಂದರೆ ಧಾರವಾಡದ ಕಡೆಯವರು ಎಲುಬು ಎನ್ನುತ್ತಾರೆ. ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 300 ಮೂಳೆಗಳಿರುತ್ತವೆ. ಬೆಳೆಯುತ್ತಾ ಕೆಲವು ಒಂದಕ್ಕೊಂದು ಕೂಡಿಕೊಂಡು ದೊಡ್ಡವರಾಗುವ ಹೊತ್ತಿಗೆ 206 ಆಗುತ್ತವೆ. ಇದನ್ನು ಮಕ್ಕಳಿಗೆ ಹೇಳಿ, ತಮ್ಮ ಪಕ್ಕೆಲುಬನ್ನು ತಾವೇ ಮುಟ್ಟಿ ಎಣಿಸಲು ಬಿಡಿ. ಅಸ್ಥಿಪಂಜರ ತಮ್ಮೊಳಗೇ ಇದೆ ಎಂದು ಗೊತ್ತಾದ ಮೇಲೆ ಅರ್ಧ ಭಯ ಹೋಗುತ್ತದೆ.

ಇಲ್ಲಿನ ಪುಟ್ಟ ಮಕ್ಕಳಿಗೆ ಚಿರಪರಿಚಿತವಾದ ಪುಸ್ತಕ 'ಫನ್ನಿಬೋನ್ಸ್'. ಜಾನೆಟ್ ಮತ್ತು ಆಲನ್ ಆಲ್ಬರ್ಗ್ ದಂಪತಿಯ ಈ ಪುಸ್ತಕ ಬಂದದ್ದು 1980ರಲ್ಲಿ. ಒಂದು ದೊಡ್ಡ ಅಸ್ಥಿಪಂಜರ, ಒಂದು ಚಿಕ್ಕ ಅಸ್ಥಿಪಂಜರ, ಜೊತೆಗೊಂದು ನಾಯಿಯ ಅಸ್ಥಿಪಂಜರ. ಯಾರನ್ನಾದರೂ ಹೆದರಿಸೋಣವೆಂದು ರಾತ್ರಿ ಹೊರಡುತ್ತವೆ. ಊರಿಗೆ ಊರೇ ಮಲಗಿದೆ, ಹೆದರಿಸಲು ಯಾರೂ ಸಿಗುವುದಿಲ್ಲ! ಉದ್ಯಾನದಲ್ಲಿ ಆಡುವಾಗ ನಾಯಿ ಎಡವಿ ಬಿದ್ದು ಮೂಳೆಗಳ ರಾಶಿಯಾಗುತ್ತದೆ. ಉಳಿದಿಬ್ಬರು ಅದನ್ನು ಜೋಡಿಸಲು ಹೋಗಿ ಅಡ್ಡಾದಿಡ್ಡಿ ಜೋಡಿಸುತ್ತಾರೆ. ಮಕ್ಕಳು ಬಿದ್ದು ಬಿದ್ದು ನಗುವುದು ಇಲ್ಲೇ.

ಬಿಚ್ಚಿಹೋಗುವುದು, ಮತ್ತೆ ಕೂಡಿಕೊಳ್ಳುವುದು: ಈ ತಮಾಷೆ ಬಹಳ ಹಳೆಯದು. 19ನೇ ಶತಮಾನದ ಇಂಗ್ಲೆಂಡಿನ ಸೂತ್ರದ ಗೊಂಬೆ ಮೇಳಗಳಲ್ಲಿ ಅಸ್ಥಿಪಂಜರದ ಗೊಂಬೆಯೊಂದು ಇರುತ್ತಿತ್ತು. ಕುಣಿಯುತ್ತಾ ಕುಣಿಯುತ್ತಾ ಅದರ ತಲೆ, ಕೈ, ಕಾಲು ಬೇರೆಬೇರೆಯಾಗಿ ಹಾರಾಡಿ, ಸೂತ್ರ ಎಳೆದಾಗ ಮತ್ತೆ ಒಂದಾಗುತ್ತಿದ್ದವು. ವಾಲ್ಟ್ ಡಿಸ್ನಿ 1929ರಲ್ಲಿ ತೆರೆಗೆ ತಂದ 'ದಿ ಸ್ಕೆಲಿಟನ್ ಡ್ಯಾನ್ಸ್' ಕಿರುಚಿತ್ರದಲ್ಲೂ ಅಸ್ಥಿಪಂಜರಗಳು ಹೀಗೆಯೇ ಕುಣಿಯುತ್ತವೆ. ಒಂದು ಇನ್ನೊಂದರ ಬೆನ್ನುಮೂಳೆಯನ್ನೇ ವಾದ್ಯ ಮಾಡಿಕೊಂಡು ಬಾರಿಸುತ್ತದೆ.

ಮೆಕ್ಸಿಕೋದಲ್ಲಂತೂ ಅಸ್ಥಿಪಂಜರ ಮನೆಯ ನೆಂಟನಿದ್ದಂತೆ. ಹೋಸೆ ಗ್ವಾಡಲೂಪೆ ಪೊಸಾಡ ಎಂಬ ಚಿತ್ರಕಾರ 1910ರ ಆಸುಪಾಸಿನಲ್ಲಿ ದೊಡ್ಡ ಹೂವಿನ ಹ್ಯಾಟು ತೊಟ್ಟ, ಹಲ್ಲು ಕಿರಿಯುವ ತಲೆಬುರುಡೆಯ ಹೆಂಗಸನ್ನು ಕೆತ್ತಿದ. ಬಡಾಯಿಯ ಶ್ರೀಮಂತಿಕೆಯನ್ನು ಗೇಲಿ ಮಾಡುವ ಚಿತ್ರ ಅದು. ನವೆಂಬರ್ 1 ಮತ್ತು 2ರಂದು ಅಲ್ಲಿನವರು ತೀರಿಕೊಂಡ ಹಿರಿಯರಿಗೆ ಇಷ್ಟವಾದ ತಿಂಡಿ ಇಟ್ಟು, ಸಕ್ಕರೆಯ ತಲೆಬುರುಡೆ ಮಾಡಿ, ಚೆಂಡುಹೂವಿನಿಂದ ಅಲಂಕರಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದು ತೀರಾ ಅಪರಿಚಿತವೇನಲ್ಲ. ನಮ್ಮ ದಸರೆಯ ಚೆಂಡುಹೂವಿನ ತವರೂ ಮೆಕ್ಸಿಕೋದ ಕಡೆಯದೇ.

ನಮ್ಮಲ್ಲಿಲ್ಲವೇ? ಬಾದಾಮಿಯ ಮೊದಲನೇ ಗುಹೆಗೆ ಹೋದವರು ಅರ್ಧನಾರೀಶ್ವರನ ಪಕ್ಕದಲ್ಲಿ ಮೂಳೆ ಚಕ್ಕಳವಾಗಿ ನಿಂತ ಭೃಂಗಿಯನ್ನು ನೋಡಿರುತ್ತೀರಿ. ಆರನೇ ಶತಮಾನದ ಶಿಲ್ಪ ಅದು. ಶಿವನಿಗೆ ಮಾತ್ರ ಪ್ರದಕ್ಷಿಣೆ ಬರುತ್ತೇನೆಂದು ಹಟ ಹಿಡಿದ ಭೃಂಗಿಯ ರಕ್ತಮಾಂಸವನ್ನು ಪಾರ್ವತಿ ಹಿಂತೆಗೆದುಕೊಂಡಳಂತೆ. ನಿಲ್ಲಲಾರದೆ ತತ್ತರಿಸಿದಾಗ ಶಿವ ಮೂರನೆಯ ಕಾಲು ಕೊಟ್ಟನಂತೆ. ಮೂರು ಕಾಲಿನ ಅಸ್ಥಿಪಂಜರ! ಯಾವ ಚಿತ್ರಪುಸ್ತಕಕ್ಕೆ ಕಡಿಮೆ ಹೇಳಿ? ಚಂದಮಾಮದಲ್ಲಿ ಹೆಣ ಹೊತ್ತ ವಿಕ್ರಮನ ಚಿತ್ರ ನೋಡುತ್ತಾ ಬೆಳೆದವರಲ್ಲವೇ ನಾವು?

ಈಗ ಕೈಕೆಲಸ. ದಪ್ಪ ಬಿಳಿ ಕಾಗದದಲ್ಲಿ ತಲೆ, ಎದೆಗೂಡು, ಸೊಂಟ, ತೋಳು ಎರಡು, ಮುಂಗೈ ಎರಡು, ತೊಡೆ ಎರಡು, ಮೊಣಕಾಲಿನ ಕೆಳಭಾಗ ಎರಡು, ಒಟ್ಟು 11 ತುಂಡು ಕತ್ತರಿಸಿ. ಎರಡು ಕಾಲು ಬಿಡಿಸಿ ಮಡಚುವ ಹಿತ್ತಾಳೆ ಪಿನ್ನು 10 ಇದ್ದರೆ ಎಲ್ಲವನ್ನೂ ಜೋಡಿಸಬಹುದು. ತಲೆಗೊಂದು ದಾರ ಕಟ್ಟಿದರೆ ಕುಣಿಯುವ ಗೊಂಬೆ ಸಿದ್ಧ. ಜೋಡಿಸುವಾಗಲೇ ಕನ್ನಡ ಪದಗಳನ್ನು ಕಲಿಸಿ: ಕೀಲು, ಮೊಣಕೈ, ಮಂಡಿ, ಬೆನ್ನುಮೂಳೆ. ಮಂಡಿಯ ಕೀಲು ಬಾಗಿಲ ಬಿಜಾಗರಿಯಂತೆ ಒಂದೇ ಕಡೆ ಮಡಚುತ್ತದೆ. ಭುಜದ ಕೀಲು ಒರಳಿನಲ್ಲಿ ಗುಂಡುಕಲ್ಲು ತಿರುಗುವಂತೆ ಸುತ್ತಲೂ ತಿರುಗುತ್ತದೆ. ಒರಳು ನೋಡದ ಮಕ್ಕಳಿಗೆ ಒರಳೆಂದರೇನು ಎಂದೂ ಹೇಳಿದಂತಾಯಿತು.

ಒಮ್ಮೆ ನಮ್ಮ ತರಗತಿಯಲ್ಲಿ ಈ ಗೊಂಬೆ ಮಾಡುತ್ತಿದ್ದಾಗ ಏಳು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ಅಸ್ಥಿ ಅಂದ್ರೆ ಇದೇನಾ? ತಾತಂದು ಶ್ರೀರಂಗಪಟ್ಟಣದಲ್ಲಿ ನೀರಿಗೆ ಬಿಟ್ರಂತೆ." ತಾತನ ಕಾರ್ಯವನ್ನೆಲ್ಲ ಅವಳು ಫೋನಿನಲ್ಲಿ ನೋಡಿದ್ದಳು. ಯಾರೂ ಅವಳಿಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ. "ಹೌದು ಪುಟ್ಟಿ, ಅದೇ" ಎಂದೆ. "ಮತ್ತೆ ಜೋಡ್ಸಕ್ಕಾಗಲ್ವಾ?" "ಇಲ್ಲ ಕಂದ. ಗೊಂಬೆದು ಮಾತ್ರ ಜೋಡಿಸಬಹುದು. ತಾತಂಗೆ ಈಗ ನೋವಿಲ್ಲ, ಆದರೆ ಅವರು ವಾಪಸ್ ಬರಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ಗೊಂಬೆಯ ಮೂಗಿನ ಮೇಲೆ ತಾತನ ಕನ್ನಡಕ ಬರೆದಳು.

ದೂರದೇಶದಲ್ಲಿರುವ ನಮ್ಮ ಮಕ್ಕಳಿಗೆ ಸಾವು ಬರುವುದು ಹೆಚ್ಚಾಗಿ ಫೋನಿನಲ್ಲೇ. ಅವರ ಪ್ರಶ್ನೆ ಯಾವಾಗ ಬರುತ್ತದೋ ಹೇಳಲಾಗದು. ನಗುವ ಅಸ್ಥಿಪಂಜರ ಕೈಯಲ್ಲಿದ್ದರೆ ಕೇಳಲು ಅವರಿಗೊಂದು ದಾರಿ ಸಿಗುತ್ತದೆ. ಕೇಳಿದಾಗ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಬೇಡಿ. "ತಾತ ಮಲಗಿದ್ದಾರೆ" ಎಂದೂ ಹೇಳಬೇಡಿ, ಆಮೇಲೆ ಮಗು ಮಲಗಲು ಹೆದರೀತು. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಇಂಥ ಪುಸ್ತಕವನ್ನು ಒತ್ತಾಯದಿಂದ ಓದಿಸುವುದೂ ಬೇಡ, ಮಗು ತಾನೇ ಕೈಗೆತ್ತಿಕೊಳ್ಳಲಿ.

ಈ ಶನಿವಾರ ಕತ್ತರಿ, ಕಾಗದ, ಪಿನ್ನು ತೆಗೆದಿಡಿ. ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭೃಂಗಿಯ ಕಥೆಯನ್ನು ಅವರೇ ಹೇಳಲಿ, ಮೂರನೆಯ ಕಾಲನ್ನು ಮಕ್ಕಳು ಕತ್ತರಿಸಲಿ.