ಒಂದು ದನಗಾಹಿ ಲಾವಣಿಯ ಛಂದಸ್ಸು

ಅಮೆರಿಕದ ದನಗಾಹಿಗಳ ಹಾಡುಗಳಲ್ಲಿ ‘ದಿ ಸ್ಟ್ರೀಟ್ಸ್ ಆಫ್ ಲರೇಡೊ’ ಬಹು ಪ್ರಸಿದ್ಧವಾದ ಲಾವಣಿ. ಲರೇಡೊ ಎಂಬುದು ಟೆಕ್ಸಾಸಿನಲ್ಲಿ ಮೆಕ್ಸಿಕೋ ಗಡಿಯ ಮೇಲಿರುವ ಊರು. ಕಥೆ ಚಿಕ್ಕದು: ಎದೆಗೆ ಗುಂಡು ತಗುಲಿ ಸಾಯುತ್ತಿರುವ ತರುಣ ದನಗಾಹಿಯೊಬ್ಬನು ದಾರಿಹೋಕನನ್ನು ಕರೆದು ತನ್ನ ಕಥೆ ಹೇಳಿ, ತನ್ನ ಶವಯಾತ್ರೆ ಹೇಗೆ ನಡೆಯಬೇಕೆಂದು ತಿಳಿಸುತ್ತಾನೆ. ಜಾನ್ ಲೋಮ್ಯಾಕ್ಸ್ ಅವರು 1910ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಇದು ‘ದಿ ಕೌಬಾಯ್ಸ್ ಲಮೆಂಟ್’ ಎಂಬ ಹೆಸರಿನಿಂದ ಸೇರಿದೆ. ಬಾಯಿಂದ ಬಾಯಿಗೆ ಬಂದುದರಿಂದ ಪಾಠಾಂತರಗಳು ಹೇರಳ. ನಾನು ವಿವೇಚಿಸುವುದು ಸಾಮಾನ್ಯವಾಗಿ ಹಾಡುವ ಪಾಠವನ್ನು.

ನಮ್ಮಂತೆ ಮಾತ್ರೆಯೆಣಿಸಿ ಗಣ ಬಿಡಿಸಹೋದರೆ ಇಲ್ಲಿ ಕೈಗೇನೂ ಹತ್ತದು. ಇಂಗ್ಲಿಷಿನ ಲೆಕ್ಕ ಒತ್ತಿನದು. ಸಾಲಿಗೆ ನಾಲ್ಕು ಒತ್ತು. ಒತ್ತುಗಳ ನಡುವೆ ಬಹುಮಟ್ಟಿಗೆ ಎರಡು ಹಗುರವಾದ ಅಕ್ಷರಗಳು. ಮೊದಲ ಪದ್ಯದಲ್ಲಿಯೇ ಸಾಲಿನ ಅಕ್ಷರಸಂಖ್ಯೆ ಹತ್ತರಿಂದ ಹನ್ನೆರಡರವರೆಗೆ ಏರಿಳಿದರೂ ನಡೆ ಮುಗ್ಗರಿಸುವುದಿಲ್ಲ. ಇದರಲ್ಲಿ ಕುದುರೆಯ ಹೆಜ್ಜೆಯನ್ನು ಕೇಳಲು ಯಾರಿಗಾದರೂ ಮನಸ್ಸಾದೀತು. ಆದರೆ ಹಾಡಿನ ಬೇರು ‘ದಿ ಅನ್‌ಫಾರ್ಚುನೇಟ್ ರೇಕ್’ ಎಂಬ, ಬ್ರಿಟಿಷ್ ದ್ವೀಪಗಳ ಹಳೆಯ ಲಾವಣಿಯಲ್ಲಿದೆ. ಅಲ್ಲಿ ದನಗಾಹಿಯೂ ಇಲ್ಲ, ಅವನ ಕುದುರೆಯೂ ಇಲ್ಲ.

ನಮ್ಮ ಪ್ರಾಚೀನರ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಇಲ್ಲಿ ಅದು ಸಾಲಿನ ತುದಿಯಲ್ಲಿ. ಅದೂ ಎರಡನೆಯ ಮತ್ತು ನಾಲ್ಕನೆಯ ಸಾಲುಗಳಿಗೆ ಮಾತ್ರ. ಮೊದಲ ಪದ್ಯದಲ್ಲಿ ಒಂದು, ಮೂರನೆಯ ಸಾಲುಗಳು ಹಗುರವಾದ ಅಕ್ಷರದಲ್ಲಿ ತೂಗಿ ನಿಲ್ಲುತ್ತವೆ. ಎರಡು, ನಾಲ್ಕನೆಯವು ಒತ್ತಕ್ಷರದಲ್ಲಿ ಮುಚ್ಚಿಕೊಳ್ಳುತ್ತವೆ. ಮುಚ್ಚುವ ಸದ್ದೇ ಪ್ರಾಸ.

ಇದರ ನಿಜವಾದ ಬಲವಿರುವುದು ಪುನರುಕ್ತಿಯಲ್ಲಿ. ಒಂದು ಸಾಲಿನಲ್ಲಿ ಬಂದ ಮಾತೇ ಮುಂದಿನ ಸಾಲಿಗೆ ದಾಟಿ, ಅಲ್ಲಿ ಹೊಸದೊಂದನ್ನು ಕೂಡಿಸಿಕೊಳ್ಳುತ್ತದೆ: ಊರಿನ ಹೆಸರು, ಹೊದಿಸಿದ ಬಿಳಿಯ ಬಟ್ಟೆ, ಶವಪೆಟ್ಟಿಗೆಯ ಮೇಲಿನ ಗುಲಾಬಿ. ನಮ್ಮ ಅಜ್ಜಿ ಬೀಸುವಾಗ ತ್ರಿಪದಿಯ ಎರಡನೆಯ ಸಾಲನ್ನು ಮರಳಿ ಹಿಡಿದು ಮೂರನೆಯದಕ್ಕೆ ಹೋಗುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಇಂತಹ ಪುನರುಕ್ತಿಯನ್ನು ಪದದಾರಿದ್ರ್ಯವೆನ್ನುವುದು ಕೂಡದು: ಓದುವವನಾದರೆ ಹಿಂದಿನ ಪುಟ ತಿರುವಿಯಾನು, ಕೇಳುವವನಿಗೆ ಪುಟವೆಲ್ಲಿ? ಹಾಡೇ ಹಿಂದಿರುಗಿ ಬಂದು ಅವನನ್ನು ಕರೆದೊಯ್ಯಬೇಕು.

ಪಲ್ಲವಿಯಲ್ಲಿ ಸಾಯುವವನು ನಗಾರಿಯನ್ನು ನಿಧಾನವಾಗಿ, ಕೊಳಲನ್ನು ಮೆಲ್ಲಗೆ ನುಡಿಸಿರೆಂದು ಬೇಡುತ್ತಾನೆ. ‘ನಿಧಾನ’, ‘ಮೆಲ್ಲಗೆ’ ಎಂಬರ್ಥದ ಆ ಇಂಗ್ಲಿಷ್ ಪದಗಳು ಸಾಲಿನೊಳಗೇ ಪರಸ್ಪರ ಪ್ರಾಸಗೂಡಿ ನಡೆಯನ್ನು ತಡೆಯುತ್ತವೆ. ಈ ವಾದ್ಯಗಳು ಸಿಪಾಯಿಯ ಶವಯಾತ್ರೆಯವು. ದನ ಕಾಯುವವನಿಗೆ ಸಲ್ಲತಕ್ಕವಲ್ಲ. ಹಳೆಯ ಹಾಡಿನಿಂದ ಉಳಿದುಬಂದ ಮರ್ಯಾದೆ ಈ ಬಡವನಿಗೆ ದಕ್ಕಿದೆ.

ಕೊನೆಗೆ ಅವನು ತಣ್ಣೀರು ಕೇಳುತ್ತಾನೆ. ತರುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ಪಲ್ಲವಿ ಮತ್ತೆ ಬರುತ್ತದೆ. ಅದೇ ನಗಾರಿ, ಅದೇ ಕೊಳಲು, ಅದೇ ಪ್ರಾಸ. ಆದರೆ ‘ನನ್ನನ್ನು’ ಎಂದಿದ್ದುದು ‘ಅವನನ್ನು’ ಎಂದಾಗಿದೆ. ‘ನುಡಿಸಿರಿ’ ಎಂದಿದ್ದುದು ‘ನುಡಿಸಿದೆವು’ ಎಂದಾಗಿದೆ.