ತಂತಿಯ ತುದಿಯಲ್ಲಿ ಕಿಲುಬು

ಆಗುಂಬೆಯೆಂದೊಡನೆ ಹಲವರಿಗೆ ಸೂರ್ಯಾಸ್ತವೇ ನೆನಪಾಗುವುದು. ಕಳೆದ ಆಷಾಢದಲ್ಲಿ ಅಲ್ಲಿ ತಂಗಿದ್ದ ನಮಗೆ ಸೂರ್ಯನ ದರ್ಶನವೇ ಆಗಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಕಪಾಟಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ನಾವಿದ್ದ ಮನೆಯ ವಿದ್ಯಾರ್ಥಿನಿ ಅಂದು ಸಂಜೆಯೊಳಗೆ ಕಾಲೇಜಿನ ಪ್ರವೇಶಕ್ಕೆ ಅರ್ಜಿ ಕಳುಹಿಸಬೇಕಾಗಿದ್ದಿತು. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಎಂದೋ ಕೆಟ್ಟಿದ್ದಿತು. ತಂತಿಯೊಂದೇ ಗತಿ, ಅಂದು ತಂತಿಯೂ ಕೈಕೊಟ್ಟಿತು.

ಇಂತಹ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಸೆಟ್ಟಿಂಗುಗಳನ್ನೆಲ್ಲ ಕಲಕುವುದು ಸಾಮಾನ್ಯ ತಪ್ಪು. ಮೊದಲು ನೋಡಬೇಕಾದುದು ತಂತಿ ಸೇರುವ ಕಂಡಿಯ ಬಳಿಯ ಪುಟ್ಟ ದೀಪವನ್ನು. ಅದು ಉರಿಯುತ್ತಿದ್ದು, ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬಹುದು. ಇಲ್ಲಿಯಾದರೋ ದೀಪವೇ ಆರಿದ್ದಿತು. ರೂಟರಿನ ಬೇರೆ ಕಂಡಿಗೆ ಸಿಕ್ಕಿಸಿದೆವು, ಫಲವಿಲ್ಲ. ಲ್ಯಾಪ್‌ಟಾಪನ್ನು ರೂಟರಿನ ಪಕ್ಕಕ್ಕೇ ಒಯ್ದು ಬೇರೊಂದು ಗಿಡ್ಡ ತಂತಿಯನ್ನು ಜೋಡಿಸಿದೊಡನೆ ದೀಪ ಹೊತ್ತಿತು. ಅರ್ಜಿ ಹೋಯಿತು. ಅಪರಾಧಿ ಹಳೆಯ ತಂತಿಯೆಂಬುದೂ ಸಿದ್ಧವಾಯಿತು.

ಕಿಟಕಿಯ ಬಳಿಯಿದ್ದ ಅದರ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಈ ತುದಿಯ ಲೋಹದ ಪಟ್ಟಿಗಳು ತಾಮ್ರದ ಮಿಶ್ರಲೋಹದವು. ಮೇಲೆ ನಿಕ್ಕಲ್ಲಿನ, ಅದರ ಮೇಲೆ ಚಿನ್ನದ ಲೇಪ. ಅಗ್ಗದ ವಸ್ತುವಿನಲ್ಲಿ ಚಿನ್ನ ಎಷ್ಟು ತೆಳುವೆಂದರೆ ಅಲ್ಲಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳೊಳಗೆ ಲವಣ ಬೆರೆತ ತೇವ ಇಳಿದರೆ, ಪಾಠಪುಸ್ತಕದ ವೋಲ್ಟಾ ಕೋಶದಂತಹುದೇ ಅಲ್ಲಿ ಏರ್ಪಡುತ್ತದೆ! ಚಿನ್ನ ಕರಗದು, ಅಡಿಯ ಲೋಹ ಸವೆದು ಕಿಲುಬಾಗುತ್ತದೆ. ಕಿಲುಬಿನಲ್ಲಿ ವಿದ್ಯುತ್ತು ಸುಗಮವಾಗಿ ಹರಿಯಲಾರದು.

ಮರುದಿನ ಆ ತುದಿಯನ್ನು ಕತ್ತರಿಸಿ ಹೊಸದನ್ನು ಒತ್ತಿದೆವು. ದೀಪವೇನೋ ಉರಿಯಿತು, ಆದರೆ ವೇಗ ಸೆಕೆಂಡಿಗೆ 1,000 ಮೆಗಾಬಿಟ್ ಇರಬೇಕಾದಲ್ಲಿ 100 ಎಂದಿತು. ತಂತಿಯೊಳಗೆ 4 ಜೋಡಿ ಎಳೆಗಳಿವೆ. 100ರ ವೇಗಕ್ಕೆ 2 ಜೋಡಿ ಸಾಕು, 1,000ಕ್ಕೆ ನಾಲ್ಕೂ ಬೇಕು. ಎಲ್ಲೋ ಒಂದು ಜೋಡಿ ಮುರಿದಿರಬೇಕೆಂದು ಊಹಿಸಿ ನೋಡಿದರೆ, ಎಂಟನೆಯ ಎಳೆ ತುದಿಯನ್ನೇ ಮುಟ್ಟಿರಲಿಲ್ಲ. ತಪ್ಪು ನಮ್ಮದೇ.

ಎಳೆಗಳನ್ನು ಜೋಡಿಯಾಗಿ ಹೊಸೆಯುವ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಹೊರಗಿನ ವಿದ್ಯುತ್ ಗೊಂದಲ ಹೊಸೆದ ಎರಡೆಳೆಗಳಿಗೂ ಸಮನಾಗಿ ತಗಲುವುದರಿಂದ, ಅವುಗಳ ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಅದು ಕೇಳಿಸದು. ಆದುದರಿಂದ ಎರಡನೆಯ ಸಲ ಹೊಸಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚದೆ ಒತ್ತಿದೆವು. ವೇಗ 1,000ಕ್ಕೆ ಏರಿತು. ತಂತಿಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದ ಹುಡುಗಿ, ಕಿಲುಬು ಹಿಡಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಲೆಂದು ಎತ್ತಿಟ್ಟುಕೊಂಡಳು.