ಇಪ್ಪತ್ತಕ್ಕೂ ಐವತ್ತಕ್ಕೂ ನಡುವೆ ಒಂದು ಪದ್ಮಿನಿ

ಶಿವಾಜಿನಗರದ ಗುಜರಿ ಓಣಿಗೆ ಹೋಗುವುದಾದರೆ ಬೆಳಗ್ಗೆ ಹತ್ತು ಗಂಟೆ ದಾಟಿದ ಮೇಲೇ ಹೋಗಬೇಕು. ಅದಕ್ಕೂ ಮುಂಚೆ ಶಟರುಗಳು ಅರ್ಧಕ್ಕೆ ಎದ್ದಿರುತ್ತವೆ, ಚಹಾದ ಹುಡುಗ ಇನ್ನೂ ಬಂದಿರುವುದಿಲ್ಲ, ಸರಿಯಾದ ರೇಟು ಹೇಳುವ ಮನಸ್ಸು ಯಾರಿಗೂ ಇರುವುದಿಲ್ಲ. ಹತ್ತಾದ ಮೇಲೆ ಕಾರುಗಳು ತುಂಡುತುಂಡಾಗಿ ಹೊರಗೆ ಬರತೊಡಗುತ್ತವೆ. ಒಂದು ಅಂಗಡಿಯ ಮುಂದೆ ಬರೀ ಬಾಗಿಲು. ಅದರ ಪಕ್ಕದಲ್ಲಿ ಬಂಪರ್. ಎದುರುಗಡೆ ಸ್ಟೇರಿಂಗುಗಳನ್ನು ಹಗ್ಗಕ್ಕೆ ಪೋಣಿಸಿ ನೇತುಹಾಕಿದ್ದಾರೆ. ಆಯಿಲ್ ಕುಡಿದು ಕಪ್ಪಾದ ನೆಲದ ಮೇಲೆ ಹುಡುಗನೊಬ್ಬ ತಗಡಿನ ತಟ್ಟೆಯಲ್ಲಿ ಡೀಸೆಲ್ ಸುರಿದುಕೊಂಡು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕಾರ್ಬೊರೇಟರ್ ತಿಕ್ಕುತ್ತಿದ್ದಾನೆ. ಅವನು ಹುಟ್ಟುವ ಹೊತ್ತಿಗೆ ಹೊಸ ಕಾರುಗಳಿಗೆ ಕಾರ್ಬೊರೇಟರ್ ಹಾಕುವುದನ್ನೇ ಬಿಟ್ಟಾಗಿತ್ತು.

ಅರವತ್ತು ದಾಟಿದ ಒಬ್ಬರು ಬಂದು ನಿಂತರು. ಜೇಬಿನಿಂದ ಪೇಪರಿನಲ್ಲಿ ಸುತ್ತಿದ್ದ ಮುರಿದ ಹಿಡಿಯೊಂದನ್ನು ತೆಗೆದರು.

‘ಇದರ ಜೋಡಿ ಸಿಗುತ್ತಾ ಭಾಯ್?’

ಅಂಗಡಿಯವರು ಅದನ್ನು ಕೈಗೂ ತಗೊಳ್ಳಲಿಲ್ಲ. ‘ಪದ್ಮಿನಿ. ಎಷ್ಟರ ಮಾಡೆಲ್ ಸಾರ್?’

‘ಎಂಬತ್ತಾರು.’

‘ಮುಂಚೆ ವಾರಕ್ಕೊಂದು ಪದ್ಮಿನಿ ಬಿಚ್ತಿದ್ವಿ. ಈಗ ಎಲ್ಲಿ ಬರುತ್ತೆ? ಇಟ್ಕೊಂಡೋರು ಬಿಡಲ್ಲ, ಬಿಟ್ಟೋರದ್ದು ಸೀದಾ ಸ್ಕ್ರ್ಯಾಪ್ ಸೆಂಟರ್‌ಗೆ ಹೋಗುತ್ತೆ. ನಂಬರ್ ಕೊಟ್ಟು ಹೋಗಿ, ಸಿಕ್ಕಿದ್ರೆ ಫೋನ್ ಮಾಡ್ತೀನಿ.’

ಗುಜರಿಗೂ ಸ್ಕ್ರ್ಯಾಪ್ ಸೆಂಟರಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚುಟುಕಾಗಿ ಯಾವ ಸರ್ಕಾರಿ ಪ್ರಕಟಣೆಯೂ ಹೇಳಿಲ್ಲ. ವಾಹನ ಗುಜರಿ ನೀತಿಯನ್ನು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರ ಮಾರ್ಚ್ 18ರಂದು ಲೋಕಸಭೆಯಲ್ಲಿ ವಿವರಿಸಿದರು. ಅದೇ ವರ್ಷ ಆಗಸ್ಟ್ 13ರಂದು ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟರು. ಖಾಸಗಿ ವಾಹನಕ್ಕೆ 20 ವರ್ಷ, ಬಾಡಿಗೆ ವಾಹನಕ್ಕೆ 15 ವರ್ಷ ಆದಮೇಲೆ ಪರೀಕ್ಷೆ. ಪಾಸಾದರೆ ಓಡಿಸಿ, ಫೇಲಾದರೆ ಒಪ್ಪಿಸಿ. ಒಪ್ಪಿಸಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ. ಮಾನ್ಯತೆ ಪಡೆದ ಕೇಂದ್ರದಲ್ಲಿ ಮೊದಲು ಆಯಿಲ್, ಬ್ಯಾಟರಿ, ಏಸಿ ಗ್ಯಾಸ್ ಇವನ್ನೆಲ್ಲ ಕ್ರಮವಾಗಿ ಹೊರತೆಗೆಯಬೇಕು. ಈ ವಿಷಯದಲ್ಲಿ ಕೇಂದ್ರದ ಕೆಲಸ ಮೆಚ್ಚುವಂಥದ್ದೇ. ನಮ್ಮ ಓಣಿಯಲ್ಲಿ ಎಂಜಿನ್ ಆಯಿಲ್ ಹರಿಯುವುದು ನೇರ ಮೋರಿಗೆ. ಆಮೇಲೆ ಸ್ಕ್ರ್ಯಾಪ್ ಸೆಂಟರಿನವರು ಚಾಸಿ ನಂಬರ್ ಕೊರೆದಿರುವ ಭಾಗವನ್ನಷ್ಟೇ ಕತ್ತರಿಸಿ, ಆ ತುಂಡನ್ನು ಆರು ತಿಂಗಳು ಜೋಪಾನವಾಗಿ ಇಟ್ಟಿರಬೇಕು ಎಂದು ನಿಯಮವಿದೆ. ಅಂಗೈಯಗಲದ ಆ ಕಬ್ಬಿಣದ ಚೂರನ್ನು ಬಿಟ್ಟರೆ ಉಳಿದದ್ದೆಲ್ಲ ತೂಕದ ಸರಕು. ಪದ್ಮಿನಿಯ ಬಾಗಿಲ ಹಿಡಿ ಅಲ್ಲಿ ಹಿಡಿಯಲ್ಲ, ಇಷ್ಟು ಗ್ರಾಂ ಲೋಹ.

ಹಳೇ ಕಾರನ್ನು ಉಳಿಸಿಕೊಳ್ಳುವವರ ಸಂಕಟ ಇರುವುದು ಇಲ್ಲೇ. ಒಂದು ಗಾಡಿ ಬದುಕಬೇಕಾದರೆ ಅದರ ಜಾತಿಯ ಇನ್ನೊಂದು ಎಲ್ಲೋ ಬಿಚ್ಚಿಕೊಂಡು ಬಿದ್ದಿರಬೇಕು. ಓಣಿಯ ವ್ಯಾಪಾರಿ ಇದನ್ನು ಮ್ಯೂಸಿಯಂನವರಿಗಿಂತ ಚೆನ್ನಾಗಿ ಬಲ್ಲ.

ಹಿಡಿ ಹುಡುಕಿಕೊಂಡು ಬಂದಿದ್ದ ಆ ನಿವೃತ್ತ ಎಂಜಿನಿಯರರ ಗಾಡಿ ವಿಲ್ಸನ್ ಗಾರ್ಡನ್‌ನ ಗ್ಯಾರೇಜೊಂದರಲ್ಲಿ ನಿಂತಿದೆ. ಮೊಸರಿನ ಬಣ್ಣ. ನಂಬರ್ ಪ್ಲೇಟಿನಲ್ಲಿ ಕೆಎ ಇಲ್ಲ, ಸಿಎ ಎಂದು ಶುರುವಾಗುವ ಹಳೇ ಅಕ್ಷರಗಳಿವೆ. ಮುಂದಿನ ಸೀಟು ಬೇರೆಬೇರೆ ಕುರ್ಚಿಯಲ್ಲ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ. ಮದುವೆಗೆ ಹೊರಟರೆ ಮುಂದೆ ಮೂವರು, ತೊಡೆಯ ಮೇಲೊಂದು ಮಗು, ಅದರ ಕೈಯಲ್ಲಿ ಹಾರದ ಪೊಟ್ಟಣ. ಗೇರು ಸ್ಟೇರಿಂಗಿನ ಕತ್ತಿಗೇ ಅಂಟಿಕೊಂಡಿದೆ. ಮುಂದಿನ ಕಿಟಕಿಯ ಮೂಲೆಯಲ್ಲಿ ತಿರುಗಿಸಿದರೆ ತೆರೆದುಕೊಳ್ಳುವ ತ್ರಿಕೋನದ ಪುಟ್ಟ ಗಾಜು. ಏಸಿ ಬರುವ ಮುನ್ನ ಬೇಸಿಗೆಯ ಗಾಳಿ ಮುಖಕ್ಕೆ ಹೊಡೆಯುತ್ತಿದ್ದದ್ದು ಅದರಿಂದ, ತಾತಂದಿರು ಬೀಡಿಯ ಬೂದಿ ಕೊಡವುತ್ತಿದ್ದದ್ದೂ ಅದರಿಂದಲೇ. ಆ ಗಾಜಿನ ಸುತ್ತಲ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದೆ. ಮಳೆ ಬಂದರೆ ನೀರು ಅಲ್ಲಿಂದಿಳಿದು ಬಾಗಿಲಿನ ಹೊಟ್ಟೆಯಲ್ಲಿ ನಿಲ್ಲುತ್ತದೆ, ತುಕ್ಕು ಒಳಗಿನಿಂದ ತಿನ್ನುತ್ತದೆ. ಮೇಸ್ತ್ರಿ ಬಾಗಿಲಿನ ಕೆಳ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ಆಮೇಲೆ ಡಬ್. ‘ಇಲ್ಲಿಂದ ಇಲ್ಲಿವರೆಗೂ ಕತ್ತರಿಸ್ಬೇಕು ಸಾರ್. ಪಟ್ಟಿ ಹಚ್ಚಿ ಬಣ್ಣ ಹೊಡೆದ್ರೆ ಯುಗಾದಿಗೆ ಚೆನ್ನಾಗಿರುತ್ತೆ, ದೀಪಾವಳಿಗೆ ಮತ್ತೆ ತೂತು.’

ಚೋಕ್ ಎಳೆದು ಕೀಲಿ ತಿರುಗಿಸಿದರು. 1089 ಸಿಸಿಯ ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಗ್ಯಾರೇಜಿನಲ್ಲಿ ಹಸಿ ಪೆಟ್ರೋಲಿನ ವಾಸನೆ ಹರಡಿತು. ಇಟಲಿಯ ಫಿಯೆಟ್ 1100ರ ವಿನ್ಯಾಸ ಇದು. ಮುಂಬೈಯ ಕುರ್ಲಾದಲ್ಲಿ 1964ರಿಂದ ತಯಾರಾಗಿ, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದದ್ದು. ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಮಧ್ಯಮ ವರ್ಗದವರ ಅಂಗಳಕ್ಕೆ ಬಂದದ್ದು ಇದು, ಇಲ್ಲವೇ ಪಶ್ಚಿಮ ಬಂಗಾಳದ ಉತ್ತರಪಾರಾದಿಂದ ಬಂದ ಅಂಬಾಸಡರ್.

ಈಗ ಲೆಕ್ಕಕ್ಕೆ ಬರೋಣ. ಈ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಅದಕ್ಕೆ ಕೇಂದ್ರದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ವಿದೇಶದಿಂದ ಬಂದ ಕಾರಾದರೆ 80,000. ಹಳೆಯದನ್ನು ಇಟ್ಟುಕೊಳ್ಳಬೇಡಿ ಎಂದು ಕಾನೂನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ರಸೀದಿಯ ಮೊತ್ತವೇ ಆ ಮಾತನ್ನು ಹೇಳುತ್ತದೆ.

ಹಾಗಾದರೆ ಅಪರೂಪದ ಕಾರುಗಳಿಗೆ ರಕ್ಷಣೆ ಇಲ್ಲವೇ? ಇದೆ. 2021ರ ಜುಲೈ 15ರ ಅಧಿಸೂಚನೆಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿರುವ ಕಾರು, ಬೈಕು ‘ವಿಂಟೇಜ್’. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷ ಚಿಂತೆಯಿಲ್ಲ. ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಬಳಕೆಗಾಗಲೀ ಬಾಡಿಗೆಗಾಗಲೀ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಷ್ಟಕ್ಕೆ ರಸ್ತೆಗಿಳಿಯಬಹುದು. ಒಳ್ಳೆಯ ನಿಯಮ ಅಂತಲೇ ಹೇಳಬೇಕು. ಆದರೆ ಅದರಿಂದ ಉಳಿಯುವುದು ಯಾರ ಕಾರು? ಮಹಾರಾಜರ ರೋಲ್ಸ್‌ರಾಯ್ಸ್‌ಗೆ ಯಾವತ್ತೂ ಗುಜರಿಯ ಭಯ ಇರಲಿಲ್ಲ. ಅದಕ್ಕೆ ಶೆಡ್ಡಿದೆ, ಆಳಿದ್ದಾನೆ, ಹರಾಜಿನಲ್ಲಿ ಬೆಲೆಯಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ದಲ್ಲೋ ಅಂಥ ಕಾರುಗಳು ನೆರಳಲ್ಲಿ ಹೊಳೆಯುತ್ತಾ ನಿಂತಿವೆ, ಸಂತೋಷ. ಎಂಬತ್ತಾರರ ಪದ್ಮಿನಿ ಐವತ್ತು ಮುಟ್ಟಬೇಕಾದರೆ 2036 ಬರಬೇಕು. ಅಷ್ಟರಲ್ಲಿ ಎರಡು ನವೀಕರಣ, ಮೇಸ್ತ್ರಿಯ ವಯಸ್ಸು, ಮಾಲೀಕರ ಮಂಡಿನೋವು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಕಮಿಟಿ ಎಲ್ಲವನ್ನೂ ದಾಟಬೇಕು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ಕ್ಕೂ ಇದೇ ಪಾಡು, ಕಾಂಟೆಸ್ಸಾಗೂ ಇದೇ. ನಮ್ಮ ಜನ ನಿಜವಾಗಿ ಕೂತು ಓಡಾಡಿದ ಕಾರುಗಳೆಲ್ಲ ಈ ನಡುವಿನ ಹಳ್ಳದಲ್ಲಿವೆ.

ಹಳೇ ವಾಹನಗಳ ಜಾಗತಿಕ ಒಕ್ಕೂಟ ‘ಫಿವಾ’ ಚಾರಿತ್ರಿಕ ವಾಹನ ಎನ್ನಲು 30 ವರ್ಷ ಸಾಕು ಎನ್ನುತ್ತದೆ. ಜರ್ಮನಿಯಲ್ಲೂ 30 ತುಂಬಿದ, ಚೆನ್ನಾಗಿ ಕಾಪಾಡಿದ ಕಾರಿಗೆ ನಂಬರಿನ ಕೊನೆಯಲ್ಲಿ ‘ಎಚ್’ ಅಕ್ಷರ ಸಿಗುತ್ತದೆ. ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. 2009ರಲ್ಲಿ ಅಲ್ಲಿ ಹಳೇ ಗಾಡಿ ಕೊಟ್ಟು ಹೊಸದಕ್ಕೆ ಸಹಾಯಧನ ಪಡೆಯುವ ಯೋಜನೆ ಬಂದಾಗ, ವಾಪಸು ಬಂದ ಕಾರು ಮತ್ತೆ ರಸ್ತೆಗಿಳಿಯದಂತೆ ಎಂಜಿನ್ನನ್ನೇ ಕೊಲ್ಲಬೇಕಿತ್ತು. ಆಯಿಲ್ ಇಳಿಸಿ, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಎಂಜಿನ್ ಓಡಿಸುವುದು. ಬಿಸಿಗೆ ನೀರು ಆರಿ ದ್ರಾವಣ ಒಳಗೇ ಗಾಜಿನಂತೆ ಗಟ್ಟಿಯಾಗುತ್ತದೆ, ಬೇರಿಂಗುಗಳು ಕಚ್ಚಿಕೊಳ್ಳುತ್ತವೆ, ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಹೀಗೆ ಸುಮಾರು 6.77 ಲಕ್ಷ ವಾಹನ ಹೋದವು. ಆದರೆ 25 ವರ್ಷ ದಾಟಿದ ಕಾರನ್ನು ಆ ಯೋಜನೆ ಮುಟ್ಟಲೇ ಇಲ್ಲ, ಕಾನೂನಿನಲ್ಲೇ ಅದನ್ನು ಹೊರಗಿಟ್ಟಿದ್ದರು. ಅದೇ ವರ್ಷ ಬ್ರಿಟನ್ ಹತ್ತು ವರ್ಷ ದಾಟಿದ ಕಾರಿಗೆ 2,000 ಪೌಂಡ್ ಕೊಡಿಸಿತು. ಹತ್ತಿರಹತ್ತಿರ 4 ಲಕ್ಷ ಕಾರು ಬಂದವು. ಎಂಜಿ, ಜಾಗ್ವಾರ್‌ಗಳೂ ಆ ಸಾಲಿನಲ್ಲಿ ಹೋದವು, ಅಲ್ಲಿನ ಹಳೇ ಕಾರಿನ ಅಭಿಮಾನಿಗಳು ಕೈಕೈ ಹಿಸುಕಿಕೊಂಡರು.

ನಮ್ಮಲ್ಲಿ ಮುಂಬೈಗೆ ಆ ಅನುಭವವಾದದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿ ಆಗಿತ್ತು, ಅಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ. ದಶಕಗಟ್ಟಲೆ ಊರು ತುಂಬ ಓಡಾಡಿದ ಕಪ್ಪು–ಹಳದಿ ಪದ್ಮಿನಿ ಒಂದು ಸೋಮವಾರ ಬೆಳಗ್ಗೆ ಕಾನೂನಿನ ಲೆಕ್ಕದಲ್ಲಿ ಇಲ್ಲವಾಯಿತು. ಒಂದನ್ನಾದರೂ ಇಟ್ಟುಕೊಳ್ಳಿ ಎಂಬ ಕೂಗು ಎದ್ದದ್ದು ಅದಾದ ಮೇಲೆಯೇ ಜೋರಾಗಿ. ದೆಹಲಿಯಲ್ಲಂತೂ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ 2014–15ರಲ್ಲೇ ಹಸಿರು ನ್ಯಾಯಮಂಡಳಿ ತಡೆ ಹಾಕಿತ್ತು. 2025ರ ಜುಲೈ 1ರಿಂದ ಅಂಥವಕ್ಕೆ ಬಂಕಿನಲ್ಲಿ ಎಣ್ಣೆಯೂ ಇಲ್ಲ ಎಂದರು, ಗಲಾಟೆಯಾಗಿ ಒಂದೆರಡು ದಿನಕ್ಕೇ ಹಿಂದೆ ಸರಿದರು.

ಹೊಗೆಯ ಮಾತು ಸುಳ್ಳಲ್ಲ. ಪದ್ಮಿನಿಯ ಹಿಂದೆ ಸಿಗ್ನಲ್ಲಿನಲ್ಲಿ ನಿಂತವರಿಗೆ ಅದು ಗೊತ್ತು. ಹೊಗೆಯನ್ನು ಶುದ್ಧ ಮಾಡುವ ಕನ್ವರ್ಟರ್ ಅದರಲ್ಲಿ ಇಲ್ಲ. ದಿನಾ ನೂರಾರು ಕಿಲೋಮೀಟರ್ ಓಡುವ ಮುದಿ ಡೀಸೆಲ್ ಲಾರಿಯನ್ನು ಗುಜರಿಗೆ ಕಳಿಸುವುದಾದರೆ ನನ್ನದೊಂದು ಚಪ್ಪಾಳೆ ಇರಲಿ. ಆದರೆ ಭಾನುವಾರ ಲಾಲ್‌ಬಾಗ್‌ವರೆಗೆ ಹೋಗಿ ದೋಸೆ ತಿಂದು ಬರುವ ಕಾರನ್ನೂ ಅದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಐವತ್ತರ ಕಾರಿಗೆ ಹಾಕಿರುವ ಷರತ್ತನ್ನೇ ಮೂವತ್ತರದ್ದಕ್ಕೂ ಹಾಕಲಿ: ದಿನಬಳಕೆ ಬೇಡ, ಬಾಡಿಗೆ ಬೇಡ, ಬ್ರೇಕ್ ಮತ್ತು ಹೊಗೆ ಅದರ ಕಾಲದ ಅಳತೆಗೆ ಸರಿಯಿರಲಿ. ಜೊತೆಗೆ ಸ್ಕ್ರ್ಯಾಪ್ ಸೆಂಟರಿಗೆ ಬಂದ ಇಂಥ ಗಾಡಿಯ ಹಿಡಿ, ಗಾಜು, ಗೇರ್‌ಬಾಕ್ಸುಗಳು ತೂಕಕ್ಕೆ ಬೀಳುವ ಮೊದಲು ಬೇಕಾದವರ ಕೈಗೆ ಸಿಗಲಿ.

ಬೆಂಗಳೂರಿಗೆ ಈ ವಿಷಯದಲ್ಲಿ ಸ್ವಂತ ಸ್ವಾರ್ಥವೂ ಇದೆ. ಸಿಪಾನಿಯವರ ಡಾಲ್ಫಿನ್ ಈ ಊರಿನದೇ ಕಾರು. ಎಂಬತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ತಂದು ಇಲ್ಲಿ ತಯಾರಿಸಿದ್ದು. ಎರಡೇ ಬಾಗಿಲು, 848 ಸಿಸಿ, ಮೈಯೆಲ್ಲ ಫೈಬರ್. ಅದಕ್ಕೂ ಮುಂಚೆ ಇದೇ ಮನೆತನದ ‘ಬಾದಲ್’ ಎಂಬ ಮೂರು ಚಕ್ರದ ಪುಟ್ಟ ಕಾರು ಬಂದಿತ್ತು. ಮಾರುತಿ ಬಂದಮೇಲೆ ಡಾಲ್ಫಿನ್ ನಿಲ್ಲಲಿಲ್ಲ. ಮೈ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಇವತ್ತೂ ಅಲ್ಲೊಂದು ಇಲ್ಲೊಂದು ತೆಂಗಿನ ಗರಿಯ ಕೆಳಗೆ ಉಳಿದಿದೆ. ತೂಕದ ವ್ಯಾಪಾರಿಗೆ ಫೈಬರ್ ಮೈ ಬೇಡ, ಕರಗಿಸಲು ಬರುವುದಿಲ್ಲ. ಅದನ್ನು ಒಡೆದುಹಾಕಿ ಕೆಳಗಿನ ಕಬ್ಬಿಣ ಮಾತ್ರ ಒಯ್ಯುತ್ತಾರೆ. ಬೆಂಗಳೂರಲ್ಲಿ ಹುಟ್ಟಿದ ಕಾರು ಅಂತ ತೋರಿಸಲಿಕ್ಕೆ ಇರುವುದೇ ಆ ಮೈ. ಮೈಸೂರಿನವರನ್ನು ನೋಡಿ ಕಲಿಯಬೇಕು: ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿ ಹುಟ್ಟಿದ ಜಾವಾ, ಯಜ್ಡಿಗಳನ್ನು ಅವರು ಕೈಬಿಟ್ಟಿಲ್ಲ. ಸರ್ಕಾರದ್ದೇ ಗಾಡಿಗಳ ಕಥೆ ಬೇರೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ತಾನಾಗಿ ರದ್ದಾಗುತ್ತದೆ. ತಾಲ್ಲೂಕು ಕಚೇರಿಯ ಬೇವಿನ ಮರದ ಬುಡದಲ್ಲಿ ಗಾಳಿ ಹೋಗಿ ಕೂತಿದ್ದ ಜೀಪು, ಅಂಬಾಸಡರ್‌ಗಳಲ್ಲಿ ಜಿಲ್ಲೆಗೊಂದನ್ನಾದರೂ ಎತ್ತಿಡಬೇಕು ಎಂದು ಯಾರಿಗಾದರೂ ಹೊಳೆಯಬಾರದೇ?

ಎಂಜಿನಿಯರರ ಪದ್ಮಿನಿ ತಿಂಗಳೊಪ್ಪತ್ತಿನಲ್ಲಿ ಆರ್‌ಟಿಒ ಮೈದಾನಕ್ಕೆ ಬಂತು. ಬಾಗಿಲ ಕೆಳಗೆ ಹೊಸ ತಗಡು, ಹೊಸ ಬಣ್ಣ, ಕೈಯಲ್ಲಿ 10,000 ಕಟ್ಟಿದ ರಸೀದಿ. ಸಹಾಯಕ ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಇನ್‌ಸ್ಪೆಕ್ಟರ್ ಮೂವತ್ತರೊಳಗಿನವರು. ಹಾರನ್, ವೈಪರ್, ಲೈಟು ನೋಡಿದರು. ಆಮೇಲೆ ತಾವೇ ಓಡಿಸುತ್ತೇನೆಂದು ಹತ್ತಿ ಕೂತು, ಎಡಗೈಯಿಂದ ಸೀಟಿನ ಪಕ್ಕ ತಡಕಾಡಿದರು.

‘ಗೇರ್ ಎಲ್ರೀ?’

‘ಸ್ಟೇರಿಂಗ್ ಹತ್ರಾನೇ ಇದೆ ಸಾರ್, ಆ ಕಡ್ಡಿ.’

ಎರಡು ಸಲ ಆಫ್ ಆಯಿತು. ಮೂರನೇ ಸಲಕ್ಕೆ ಹೊರಟು, ಮೈದಾನ ಒಂದು ಸುತ್ತು ಹಾಕಿ, ಬ್ರೇಕ್ ಒತ್ತಿ ಗಕ್ಕನೆ ನಿಲ್ಲಿಸಿದರು. ‘ಬ್ರೇಕ್ ಗಟ್ಟಿ ಇದೆ. ಹಿಂದಿನ ಇಂಡಿಕೇಟರ್ ಒಂದು ಉರಿಯಲ್ಲ. ಸರಿ ಮಾಡಿಸ್ಕೊಂಡು ಮಧ್ಯಾಹ್ನದೊಳಗೇ ತನ್ನಿ, ಸೈನ್ ಹಾಕ್ತೀನಿ. ನಾಳೆಯಿಂದ ನಾನಿರಲ್ಲ, ಟ್ರೇನಿಂಗ್‌ಗೆ ಹಾಕಿದ್ದಾರೆ.’

‘ಯಾವುದರ ಟ್ರೇನಿಂಗ್ ಸಾರ್?’

‘ಆಟೊಮ್ಯಾಟಿಕ್ ಟೆಸ್ಟಿಂಗ್‌ದು. ಇನ್ಮೇಲೆ ಎಲ್ಲಾ ಮಷೀನೇ ನೋಡುತ್ತಂತೆ.’